ಕಿನ್ಸ್‌ಮೆನ್

ಅಮೆರಿಕದ ಜಾಸ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಮತ್ತು ಕರ್ನಾಟಕ ಸಂಗೀತದ ಸ್ಯಾಕ್ಸೊಫೋನ್ ವಿದ್ವಾಂಸ ಕದ್ರಿ ಗೋಪಾಲನಾಥ್ ಕೂಡಿ ನುಡಿಸಿದ ಧ್ವನಿಮುದ್ರಿಕೆ. ನ್ಯೂಯಾರ್ಕಿನ ಪೈ ರೆಕಾರ್ಡಿಂಗ್ಸ್ ಇದನ್ನು 2008ರಲ್ಲಿ ಹೊರತಂದಿತು. ಗೋಷ್ಠಿಗೆ ಇಟ್ಟ ಹೆಸರು ದಕ್ಷಿಣ ಎನ್‌ಸೆಂಬಲ್. ಮುದ್ರಿಕೆಯ ಹೆಸರಿಗೆ ಬಂಧುಗಳು, ಒಂದೇ ಕುಲದವರು ಎಂದು ಅರ್ಥ. ಇಬ್ಬರು ನಾಯಕ ವಾದಕರ ಬೇರೂ ಕನ್ನಡ ನೆಲದ್ದು, ಇಬ್ಬರ ಕೈಯಲ್ಲಿರುವುದೂ ಆಲ್ಟೊ ಸ್ಯಾಕ್ಸೊಫೋನು. ಆದ್ದರಿಂದ ಹೆಸರು ಬರಿಯ ಅಲಂಕಾರವಲ್ಲ. ಇವರ ನಡುವೆ ಎ. ಕನ್ಯಾಕುಮಾರಿಯವರ ಪಿಟೀಲು ಇದೆ. ಜಾಸ್ ಸ್ಯಾಕ್ಸೊಫೋನಿಗೆ ತಂತಿವಾದ್ಯವನ್ನು ಜೊತೆಮಾಡಿದ ಮುದ್ರಿಕೆಗಳ ಸಾಲಿನಲ್ಲಿ ಕಿನ್ಸ್‌ಮೆನ್‌ಗೆ ಬೇರೆಯೇ ಸ್ಥಾನ ದೊರೆಯುವುದು ಈ ಪಿಟೀಲಿನಿಂದ.

ಆ ಸಾಲು ಹಳೆಯದು. 1949ರ ನವೆಂಬರ್ 30ರಂದು ಚಾರ್ಲಿ ಪಾರ್ಕರ್ ಮೂರು ವಯೊಲಿನ್, ಒಂದು ವಿಯೋಲ, ಒಂದು ಚೆಲ್ಲೊ, ಒಂದು ಹಾರ್ಪ್ ಜೊತೆಯಲ್ಲಿ ಧ್ವನಿಮುದ್ರಣ ಮಾಡಿದರು. ಓಬೊ ನುಡಿಸಿದವರು ಮಿಚ್ ಮಿಲ್ಲರ್. 'ಚಾರ್ಲಿ ಪಾರ್ಕರ್ ವಿತ್ ಸ್ಟ್ರಿಂಗ್ಸ್' ಎಂದು ಪ್ರಸಿದ್ಧವಾದ ಆ ಮುದ್ರಿಕೆಯಲ್ಲಿ ತಂತಿವಾದ್ಯದವರು ತಮ್ಮೆದುರಿನ ಹಾಳೆಯಲ್ಲಿ ಬರೆದದ್ದನ್ನು ನುಡಿಸುತ್ತಾರೆ. ಅದರ ಮೇಲೆ ಸ್ವಚ್ಛಂದವಾಗಿ ಹಾರಾಡುವ ಹಕ್ಕು ಪಾರ್ಕರ್ ಒಬ್ಬರದೇ. 1961ರ 'ಫೋಕಸ್' ಮುದ್ರಿಕೆಗೆ ಎಡ್ಡಿ ಸಾಟರ್ ತಂತಿವಾದ್ಯಗಳಿಗಾಗಿ ತಮ್ಮಷ್ಟಕ್ಕೇ ಪೂರ್ಣವಾಗಿ ನಿಲ್ಲುವ ರಚನೆಗಳನ್ನು ಬರೆದರು, ಸ್ಟಾನ್ ಗೆಟ್ಜ್‌ಗೆ ಮಾತ್ರ ಏನೂ ಬರೆಯಲಿಲ್ಲ. ಗೆಟ್ಜ್ ಕೇಳುತ್ತ ಕೇಳುತ್ತ ಹುಟ್ಟಿಸಿದ್ದೇ ಅವರ ಪಾಲು. ಎರಡೂ ದೊಡ್ಡ ಕೃತಿಗಳು. ಎರಡರಲ್ಲೂ ಹೊಸದನ್ನು ಕಟ್ಟುವವರು ಸ್ಯಾಕ್ಸೊಫೋನಿನವರು, ಬರೆದದ್ದಕ್ಕೆ ಬದ್ಧರು ತಂತಿಯವರು. ಕಿನ್ಸ್‌ಮೆನ್‌ನಲ್ಲಿ ಆ ಭೇದವಿಲ್ಲ. ನಮ್ಮ ಕಚೇರಿಯಲ್ಲಿ ಪಿಟೀಲಿಗೆ ಪಕ್ಕವಾದ್ಯವೆಂಬ ಹೆಸರಿದ್ದರೂ ಆಲಾಪನೆಯಲ್ಲಿ, ನೆರವಲಿನಲ್ಲಿ, ಕಲ್ಪನಾಸ್ವರದಲ್ಲಿ ಅದರ ಸರದಿ ಬಂದಾಗ ಮನೋಧರ್ಮ ಅದರದೇ. ಆ ಪದ್ಧತಿಯಲ್ಲೇ ಪಳಗಿದ ಕೈ ಇಲ್ಲಿ ಜಾಸ್ ವೇದಿಕೆಗೆ ಬಂದಿದೆ.

ಸ್ಯಾಕ್ಸೊಫೋನಿಗೆ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದವರು ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್. ಭಾರತಕ್ಕೆ ಬ್ಯಾಂಡುಗಳ ಮೂಲಕ ಬಂದ ಈ ವಾದ್ಯ ಇಂದು ಮದುವೆ ಮನೆಯದು. ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಂಥ ಊರಿನಲ್ಲೂ ಓಲಗದ ಡೋಲಿನ ಪಕ್ಕ ಹಿತ್ತಾಳೆಯ ಸ್ಯಾಕ್ಸೊಫೋನ್ ಕಂಡರೆ ಯಾರೂ ಬೆರಗಾಗುವುದಿಲ್ಲ. ಬೆರಗಿನ ವಿಷಯವೆಂದರೆ, ಈ ಒಗ್ಗಿಕೊಳ್ಳುವಿಕೆಯ ಹಿಂದೆ ಒಬ್ಬ ಮನುಷ್ಯನ ದುಡಿಮೆ ಎಷ್ಟೊಂದು ಇದೆ ಎಂಬುದು. ಕದ್ರಿ ಗೋಪಾಲನಾಥ್ 1949ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪ ನಾಗಸ್ವರ ವಾದಕರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮಾರುಹೋದ ಹುಡುಗ ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆಮೇಲೆ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿ ಶಿಷ್ಯವೃತ್ತಿ ಮಾಡಿದರು. ವಾದ್ಯವನ್ನು ಗಮಕಕ್ಕೆ ಒಗ್ಗಿಸಲು ವರ್ಷಗಳೇ ಹಿಡಿದವು.

ಇದರ ಕಷ್ಟವನ್ನು ಹತ್ತಿರದಿಂದ ನೋಡಬೇಕು. ನಾಗಸ್ವರದಲ್ಲಿ ರಂಧ್ರಗಳು ತೆರೆದಿರುತ್ತವೆ. ಬೆರಳನ್ನು ಅರ್ಧ ಸರಿಸಿದರೆ ಸ್ವರ ಅಷ್ಟೇ ಸರಿಯುತ್ತದೆ, ಉಸಿರಿನ ಒತ್ತು ಉಳಿದದ್ದನ್ನು ನೋಡಿಕೊಳ್ಳುತ್ತದೆ. ಪಿಟೀಲಿನಲ್ಲಿ ಅದು ಇನ್ನೂ ಸಲೀಸು: ಎಣ್ಣೆ ಸವರಿದ ಬೆರಳು ತಂತಿಯ ಮೇಲೆ ಜಾರುತ್ತ ರಿಷಭದಿಂದ ಗಾಂಧಾರಕ್ಕೆ ನಡುವಿನ ಎಲ್ಲ ನಾದವನ್ನೂ ಮುಟ್ಟಿ ಹೋಗುತ್ತದೆ. ಸ್ಯಾಕ್ಸೊಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿ, ಸರಳು, ಚರ್ಮದ ಮೆತ್ತೆಯ ಮುಚ್ಚಳ. ಯಂತ್ರ ಇರುವುದೇ ಸ್ವರಗಳನ್ನು ಬಿಡಿಬಿಡಿಯಾಗಿ, ಸ್ಪಷ್ಟವಾಗಿ ಕೊಡುವುದಕ್ಕೆ. ಗಮಕ ಕೇಳುವುದು ಸ್ವರಗಳ ನಡುವಿನ ದಾರಿಯನ್ನು. ಕದ್ರಿಯವರು ವಾದ್ಯವನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡರು; ತುಟಿಯ ಒತ್ತು, ದವಡೆಯ ಚಲನೆ, ಮುಚ್ಚಳಗಳ ಅರ್ಧ ತೆರವು ಇವುಗಳಿಂದ ಜಾರು, ಕಂಪಿತಗಳನ್ನು ಸಾಧಿಸಿದರು. ಚಕ್ಕಳಮಕ್ಕಳ ಹಾಕಿ ಕುಳಿತು, ವಾದ್ಯವನ್ನು ಮಡಿಲಿಗೆ ಒರಗಿಸಿಕೊಂಡು, ಗಾಯಕರು ಹಾಡುವ ಕೃತಿಗಳನ್ನೇ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್ ಕಚೇರಿ ನೀಡಿದರು. ಆ ಉತ್ಸವಕ್ಕೆ ಆಹ್ವಾನ ಪಡೆದ ಮೊದಲ ಕರ್ನಾಟಕ ಸಂಗೀತಗಾರ ಅವರು. 2004ರಲ್ಲಿ ಪದ್ಮಶ್ರೀ ಬಂದಿತು.

ಜಾಸ್‌ನವರ ಪರಿಚಯ ಅವರಿಗೆ ಮೊದಲೇ ಇತ್ತು. 1980ರ ಮುಂಬಯಿ ಜಾಸ್ ಉತ್ಸವದಲ್ಲಿ ಇವರ ವಾದನ ಕೇಳಿದ ಕ್ಯಾಲಿಫೋರ್ನಿಯದ ಸ್ಯಾಕ್ಸೊಫೋನ್ ವಾದಕ ಜಾನ್ ಹ್ಯಾಂಡಿ ತಾವೂ ಜೊತೆಗೆ ನುಡಿಸಬಹುದೇ ಎಂದು ಕೇಳಿ ವೇದಿಕೆ ಹತ್ತಿದರು. ಕೊಳಲುವಾದಕ ಜೇಮ್ಸ್ ನ್ಯೂಟನ್ ಜೊತೆಗೂ ಒಂದು ಮುದ್ರಿಕೆ ಬಂದಿದೆ. ಕನ್ನಡ ನಾಡಿನ ಮಟ್ಟಿಗೆ ಇಂಥ ಕೂಡುಹಾದಿಯ ಇನ್ನೊಂದು ಮುಖ್ಯ ಗುರುತು 'ಜ್ಯೋತಿ'. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದೊಡನೆ ಮಾಡಿದ ಆ ಮುದ್ರಿಕೆಯನ್ನು ಇಸಿಎಂ ಸಂಸ್ಥೆ 1983ರಲ್ಲಿ ಪ್ರಕಟಿಸಿತು. ಮೃದಂಗದ ಟಿ. ಎ. ಎಸ್. ಮಣಿ ಕಟ್ಟಿದ ತಂಡ ಅದು, ಹಾಡಿದವರು ಆರ್. ಎ. ರಮಾಮಣಿ. 'ಜ್ಯೋತಿ'ಯಲ್ಲಿ ತಂತಿಯೆಂದರೆ ತಂಬೂರಿ ಮಾತ್ರ. ಸ್ಯಾಕ್ಸೊಫೋನ್ ಮಾತಿಗಿಳಿಯುವುದು ಕಂಠದೊಂದಿಗೆ, ಲಯವಾದ್ಯಗಳೊಂದಿಗೆ.

ರುದ್ರೇಶ್ ಮಹಾಂತಪ್ಪ 1971ರಲ್ಲಿ ಇಟಲಿಯ ತ್ರಿಯೆಸ್ತೆಯಲ್ಲಿ ಹುಟ್ಟಿ ಅಮೆರಿಕದ ಕೊಲರಾಡೊದ ಬೋಲ್ಡರ್‌ನಲ್ಲಿ ಬೆಳೆದವರು. ತಂದೆ ಕೆ. ಟಿ. ಮಹಾಂತಪ್ಪ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರಾಗಿದ್ದರು. ಹುಡುಗನ ಕಿವಿ ತುಂಬಿದ್ದು ಚಾರ್ಲಿ ಪಾರ್ಕರ್. ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಓದುತ್ತಿದ್ದಾಗ ಅಣ್ಣ ತಮಾಷೆಗೆಂದು ಒಂದು ಮುದ್ರಿಕೆ ತಂದುಕೊಟ್ಟರು. ಅದರ ಹೆಸರು 'ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್', ವಾದಕರು ಕದ್ರಿ ಗೋಪಾಲನಾಥ್. ತಮಾಷೆ ಅಲ್ಲಿಗೇ ಮುಗಿಯಿತು. ತನ್ನದೇ ವಾದ್ಯ, ತನ್ನ ತಂದೆತಾಯಿಯ ನಾಡಿನ ರಾಗ, ತಾನು ಕಲಿಯದ ದಾರಿ. ಪರನಾಡಿನಲ್ಲಿ ಬೆಳೆದ ಎಷ್ಟೋ ಕನ್ನಡ ಮಕ್ಕಳಿಗೆ ಊರಿನ ಸಂಗೀತ ಹಿರಿಯರ ಅಪ್ಪಣೆಯಂತೆ ಬರುತ್ತದೆ. ಇವರಿಗೆ ಅದು ಕೈಯಲ್ಲಿ ಹಿಡಿದ ಕಸುಬಿನ ಮೂಲಕವೇ ಬಂದದ್ದು ದೊಡ್ಡ ಭಾಗ್ಯ.

ಗೋಷ್ಠಿಯಲ್ಲಿ ಇವರಿಬ್ಬರಲ್ಲದೆ ಐವರಿದ್ದಾರೆ. ಪಿಟೀಲಿನ ಕನ್ಯಾಕುಮಾರಿ ಆಂಧ್ರದ ವಿಜಯನಗರದ ಕಡೆಯವರು, ಎಂ. ಎಲ್. ವಸಂತಕುಮಾರಿಯವರ ಶಿಷ್ಯೆ, ಕದ್ರಿಯವರಿಗೆ ಬಹುಕಾಲದ ಜೊತೆಗಾರ್ತಿ. ಮೃದಂಗಕ್ಕೆ ಪೂವಲೂರ್ ಶ್ರೀನಿವಾಸನ್, ಗಿಟಾರಿಗೆ ಕರಾಚಿಯಲ್ಲಿ ಹುಟ್ಟಿ ಕ್ಯಾಲಿಫೋರ್ನಿಯದಲ್ಲಿ ಬೆಳೆದ ರೆಜ್ ಅಬ್ಬಾಸಿ, ಬಾಸ್‌ಗೆ ಕಾರ್ಲೊ ಡಿ ರೋಸ, ಡ್ರಮ್ಸ್‌ಗೆ ರಾಯಲ್ ಹಾರ್ಟಿಗನ್.

ಎರಡು ಪದ್ಧತಿಗಳ ನಡುವಿನ ನಿಜವಾದ ತೊಡಕು ಲಯದಲ್ಲಿಲ್ಲ. ಲೆಕ್ಕಾಚಾರದಲ್ಲಿ ಇಬ್ಬರೂ ಗಟ್ಟಿಗರು. ತೊಡಕಿರುವುದು ಆಧಾರ ಷಡ್ಜದಲ್ಲಿ. ನಮ್ಮಲ್ಲಿ ಶ್ರುತಿ ಒಮ್ಮೆ ಕೂತರೆ ಕಚೇರಿ ಮುಗಿಯುವವರೆಗೂ ಕದಲುವುದಿಲ್ಲ, ರಾಗದ ಪ್ರತಿ ಸ್ವರವೂ ಅದರ ಮುಖ ನೋಡಿಯೇ ಅರ್ಥ ಪಡೆಯುತ್ತದೆ. ಜಾಸ್‌ನಲ್ಲಿ ಕಾರ್ಡುಗಳು ಬದಲಾದಂತೆ ಕಾಲ ಕೆಳಗಿನ ನೆಲವೇ ಬದಲಾಗುತ್ತದೆ. ಕದ್ರಿಯವರನ್ನು ಕಾರ್ಡುಗಳ ಹಿಂದೆ ಓಡಿಸಿದರೆ ರಾಗ ಕೆಡುತ್ತದೆ, ಗಿಟಾರು ಬಾಸುಗಳನ್ನು ಬರಿಯ ಶ್ರುತಿಗೆ ಕಟ್ಟಿಹಾಕಿದರೆ ಅವರು ಬಂದದ್ದೇ ದಂಡ. ಈ ಮುದ್ರಿಕೆ ಇಬ್ಬರಿಗೂ ಜಾಗ ಬಿಡುತ್ತದೆ. ಎರಡು ಸ್ಯಾಕ್ಸೊಫೋನು, ಕೆಲವೆಡೆ ಪಿಟೀಲೂ ಸೇರಿ, ಪಲ್ಲವಿಯಂಥ ಒಂದು ಸಾಲನ್ನು ಒಕ್ಕೊರಲಿನಲ್ಲಿ ನುಡಿಸಿ ಬಿಡಿಬಿಡಿಯಾಗುತ್ತವೆ, ಆಮೇಲೆ ಒಬ್ಬೊಬ್ಬರೂ ತಂತಮ್ಮ ಭಾಷೆಯಲ್ಲಿ ಮಾತಾಡುತ್ತಾರೆ. ಒಂದೇ ಬಗೆಯ ವಾದ್ಯವಾದರೂ ಕಿವಿಗೆ ಗೊಂದಲವಾಗುವುದಿಲ್ಲ. ಮಹಾಂತಪ್ಪನವರದು ಚೂಪಾದ, ಒತ್ತಿ ಬರುವ ನಾದ, ಕದ್ರಿಯವರದು ನಾಗಸ್ವರದ ನೆನಪನ್ನು ಬಿಡದ, ಜಾರಿ ಜಾರಿ ಬರುವ ನಾದ.

'ಗಣೇಶ', 'ಸ್ನೇಕ್!', 'ಕಲ್ಯಾಣಿ' ಮುದ್ರಿಕೆಯ ದೊಡ್ಡ ರಚನೆಗಳಲ್ಲಿ ಕೆಲವು. ಕಲ್ಯಾಣಿಯ ಆಯ್ಕೆ ಔಚಿತ್ಯದ್ದು. 65ನೆಯ ಮೇಳಕರ್ತವಾದ ಈ ರಾಗದ ಪ್ರತಿಮಧ್ಯಮವೂ ಉಳಿದ ಆರು ಸ್ವರಗಳೂ ಪಾಶ್ಚಾತ್ಯರ ಲಿಡಿಯನ್ ಸ್ವರಶ್ರೇಣಿಗೆ ಸರಿಯಾಗಿ ಹೊಂದುತ್ತವೆ, ಲಿಡಿಯನ್ ಜಾಸ್‌ನವರಿಗೆ ಚೆನ್ನಾಗಿ ಪರಿಚಿತ. ಆದರೆ ಶ್ರೇಣಿ ಒಂದೇ ಆದ ಮಾತ್ರಕ್ಕೆ ರಾಗ ಬರುವುದಿಲ್ಲ. ಗಾಂಧಾರವನ್ನೂ ಮಧ್ಯಮವನ್ನೂ ತೂಗುವ ಬಗೆ ಬೇರೆ. ಒಂದೇ ಏಳು ಸ್ವರಗಳು ಇಬ್ಬರ ಕೈಯಲ್ಲಿ ಹೇಗೆ ಬೇರೆಯಾಗಿ ನಿಲ್ಲುತ್ತವೆ ಎಂದು ಕೇಳಿ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ದೊಡ್ಡ ರಚನೆಗಳ ನಡುವೆ ಕಿರು ಆಲಾಪಗಳಿವೆ, ಹೆಸರೂ ನುಡಿಸಿದವರದೇ: 'ರೆಜ್-ಆಲಾಪ್', 'ಕನ್ಯಾ-ಆಲಾಪ್'. ಡ್ರಮ್ಸಿನ ಬಡಿತ ನಿಂತು, ಮೃದಂಗವೂ ಸುಮ್ಮನಾಗಿ, ತಾಳದ ಹಂಗಿಲ್ಲದೆ ಪಿಟೀಲು ರಾಗವನ್ನು ಬಿಡಿಸತೊಡಗಿದಾಗ ಪಾರ್ಕರ್ ಕಾಲದ ಸ್ಟುಡಿಯೊದಲ್ಲಿ ತಂತಿವಾದ್ಯದವರಿಗೆ ಸಿಗದೇ ಹೋದ ಜಾಗ ಇಲ್ಲಿ ಸಿಕ್ಕಿತು ಎನ್ನಿಸುತ್ತದೆ.

ಅದೇ 2008ರಲ್ಲಿ ಮಹಾಂತಪ್ಪ, ಅಬ್ಬಾಸಿ ಮತ್ತು ತಬಲಾದ ಡ್ಯಾನ್ ವೈಸ್ ಕೂಡಿದ 'ಆಪ್ತಿ'ಯೂ ಹೊರಬಂದಿತು. ಮುಂದೆ ಮಹಾಂತಪ್ಪ 'ಸಂಧಿ' (2011), 'ಗಮಕ್' (2013) ಮುದ್ರಿಕೆಗಳನ್ನು ಮಾಡಿದರು. 2015ರ 'ಬರ್ಡ್ ಕಾಲ್ಸ್'ನಲ್ಲಿ ಪಾರ್ಕರ್ ಸಂಗೀತಕ್ಕೆ ಮರಳಿದರು. 2016ರಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಜಾಸ್ ವಿಭಾಗದ ನಿರ್ದೇಶಕರು. ಕನ್ಯಾಕುಮಾರಿಯವರಿಗೆ 2015ರಲ್ಲಿ ಪದ್ಮಶ್ರೀ, ಮರುವರ್ಷ ಮದರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಸಂದಿತು. ಕದ್ರಿ ಗೋಪಾಲನಾಥ್ 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.