ಕೇರಳದಲ್ಲಿ ನವಿಲು

ಅರಸರ ಆಳ್ವಿಕೆಯನ್ನು ನಿರ್ಣಯಿಸುವವರಿಗೆ ಶಾಸನಗಳು ಹೇಗೋ, ಮೃಗಪಕ್ಷಿಗಳ ನೆಲೆಯನ್ನು ನಿರ್ಣಯಿಸುವವರಿಗೆ ಕಂಡವರು ಬರೆದಿಟ್ಟ ಮಾತುಗಳು ಹಾಗೆಯೇ ಆಧಾರವು. ಅವುಗಳಲ್ಲಿ ಕಂಡುದಕ್ಕೆ ಎಷ್ಟು ಬೆಲೆಯುಂಟೋ, ಹುಡುಕಿಯೂ ಕಾಣದೆ ಹೋದುದಕ್ಕೂ ಅಷ್ಟೇ ಬೆಲೆಯುಂಟು. ಕೇರಳದಲ್ಲಿ ನವಿಲು ಹಬ್ಬಿದ ವೃತ್ತಾಂತವು ಇದಕ್ಕೆ ನಿದರ್ಶನವಾಗಿದೆ.

ತಿರುವಾಂಕೂರು ಮತ್ತು ಕೊಚ್ಚಿ ಸಂಸ್ಥಾನಗಳ ಪಕ್ಷಿಗಳನ್ನು ಕುರಿತು ಸಲೀಂ ಅಲಿಯವರು 1933ರಲ್ಲಿ ಸಮೀಕ್ಷೆ ನಡೆಸಿದರು. ಘಟ್ಟದ ಮೂಡಣ ಮಗ್ಗುಲಿನ ಮರಯೂರಿನಲ್ಲಿ ಆರಂಭಿಸಿ, ಒಂದೊಂದು ಸೀಮೆಯಲ್ಲಿಯೂ ಬಿಡಾರ ಹೂಡಿ, ಹಕ್ಕಿಗಳನ್ನು ಸಂಗ್ರಹಿಸಿ ಹೆಸರಿಸಿದರು. ಆ ಸಮೀಕ್ಷೆಯಲ್ಲಿ ನವಿಲು ದೊರೆಯಲಿಲ್ಲ. 1939–40ರಲ್ಲಿ ಅವರು ಮೈಸೂರು ಸಂಸ್ಥಾನದಲ್ಲಿಯೂ ಇಂತಹುದೇ ಸಮೀಕ್ಷೆ ನಡೆಸಿದುದರಿಂದ ಕನ್ನಡನಾಡಿಗೂ ಇಂತಹ ಅಳತೆಗೋಲೊಂದು ಲಭಿಸಿತು.

ಹಾಗೆಂದು ಮಲೆಯಾಳಿಗಳು ನವಿಲನ್ನು ಅರಿಯದವರಲ್ಲ. ಕೇರಳವರ್ಮ ವಲಿಯ ಕೋಯಿತ್ತಂಬುರಾನರ ‘ಮಯೂರಸಂದೇಶ’ದಲ್ಲಿ ಹರಿಪ್ಪಾಡಿನ ಸುಬ್ರಹ್ಮಣ್ಯ ದೇವಾಲಯದ ನವಿಲೇ ದೂತನು. ಆದರೆ ಸ್ವಾಮಿಯ ವಾಹನವೆಂದು ಗುಡಿಯಲ್ಲಿ ಆದರ ಪಡೆದ ಹಕ್ಕಿಯಿಂದ ಆ ನಾಡಿನ ಬಯಲುಗಳಲ್ಲಿ ಅದರ ಕುಲವು ನೆಲಸಿತ್ತೆಂದು ಊಹಿಸಲಾಗದು. ಅಂತೆಯೇ, ಒಂದು ಸಮೀಕ್ಷೆಯಲ್ಲಿ ದೊರೆಯಲಿಲ್ಲವೆಂದ ಮಾತ್ರಕ್ಕೆ ಯಾವ ಮೂಲೆಯಲ್ಲಿಯೂ ಇರಲೇ ಇಲ್ಲವೆಂದೂ ಹೇಳಲಾಗದು. ವಿರಳವಾಗಿತ್ತೆಂಬುದು ಮಾತ್ರ ನಿಶ್ಚಯ.

ಇಂದಿನ ಸ್ಥಿತಿಯೇ ಬೇರೆ. ಪಾಲಕ್ಕಾಡಿನ ಗದ್ದೆಗಳಲ್ಲಿಯೂ ಇತರ ಅನೇಕ ಜಿಲ್ಲೆಗಳ ತೋಟಗಳಲ್ಲಿಯೂ ನವಿಲಿನ ಕೂಗು ಕೇಳಿಸುತ್ತದೆ. ಚೂಲನ್ನೂರಿನಲ್ಲಿ ಅದಕ್ಕಾಗಿಯೇ ಅಭಯಾರಣ್ಯವೊಂದು ಏರ್ಪಟ್ಟಿದೆ. ಈ ಪಕ್ಷಿಯು ಸ್ವಭಾವತಃ ಒಣ ಕುರುಚಲು ನೆಲವನ್ನು ಮೆಚ್ಚುವಂತಹುದು. ದಟ್ಟವಾದ ಮಳೆಕಾಡು ಅದಕ್ಕೆ ಒಗ್ಗದು. ಪಾಲಕ್ಕಾಡಿನ ಬಳಿ ಸಹ್ಯಾದ್ರಿಯ ಸಾಲು ಸುಮಾರು 30 ಕಿಲೋಮೀಟರು ಅಗಲಕ್ಕೆ ಕಡಿದುಹೋಗಿ, ತಮಿಳುನಾಡಿನ ಒಣಗಾಳಿಗೆ ದಾರಿಯಾಗಿದೆ. ಕಾಡು ತೆಳುವಾಗಿ ಹವೆಯು ಒಣಗುತ್ತ ಬಂದುದೇ ನವಿಲಿನ ವಿಸ್ತರಣಕ್ಕೆ ಕಾರಣವೆಂದು ಪಕ್ಷಿಶಾಸ್ತ್ರಜ್ಞರಲ್ಲಿ ಹಲವರ ಅಭಿಪ್ರಾಯ. 1963ರಲ್ಲಿ ರಾಷ್ಟ್ರಪಕ್ಷಿಯೆನಿಸಿ, 1972ರ ವನ್ಯಜೀವಿ ಶಾಸನದ ರಕ್ಷಣೆ ಪಡೆದುದೂ ಅದರ ವೃದ್ಧಿಗೆ ನೆರವಾಗಿರಬೇಕು.

ನೋಡುವವರಿಗೆ ಚೆಲುವಾದುದು ಒಕ್ಕಲಿಗನಿಗೆ ಸಂಕಟವಾಗಿದೆ. ಬಿತ್ತಿದ ಕಾಳನ್ನೂ ತೆನೆಯನ್ನೂ ತಿನ್ನುವ ಹಕ್ಕಿಯನ್ನು ಅವನು ಓಡಿಸಬಹುದಲ್ಲದೆ ಕೊಲ್ಲುವಂತಿಲ್ಲ. ತನ್ನ ಅಜ್ಜನ ಕಾಲದಲ್ಲಿ ಈ ಉಪದ್ರವ ಇರಲಿಲ್ಲವೆಂದು ಅವನು ಹೇಳಿದರೆ, ಅದು ಬರಿಯ ಗೊಣಗಾಟವಲ್ಲವೆಂಬುದಕ್ಕೆ 1933ರ ಬರಹವೇ ಸಾಕ್ಷಿ. ನವಿಲಿನ ಆಗಮನವು ನೆಲದ ತೇವ ಆರುತ್ತಿರುವುದರ ಸೂಚನೆಯಾಗಿದ್ದರೆ, ನಷ್ಟವು ಒಂದು ಗದ್ದೆಯ ಬೆಳೆಗೆ ಮುಗಿಯುವುದಿಲ್ಲ. ಮಳೆಕಾಡನ್ನೇ ನಂಬಿದ ಹಕ್ಕಿಗಳ ಮಾತೇನೆಂದು ಕೇಳಬೇಕಾಗುತ್ತದೆ.

ಇಂತಹ ಪ್ರಶ್ನೆಗಳಿಗಾಗಿಯೇ 2015ರಿಂದ 2020ರವರೆಗೆ ಕೇರಳದ ಪಕ್ಷಿಪ್ರಿಯರು ನಾಡನ್ನೆಲ್ಲ ಸಣ್ಣ ಚೌಕಗಳಾಗಿ ವಿಂಗಡಿಸಿ, ಆಯ್ದ ಚೌಕಗಳನ್ನು ಮಳೆಗಾಲದಲ್ಲೊಮ್ಮೆ, ಬೇಸಗೆಯಲ್ಲೊಮ್ಮೆ ಒಂದೇ ಕ್ರಮದಿಂದ ಪರಿಶೀಲಿಸಿ ಪಕ್ಷಿಭೂಪಟವನ್ನು ರಚಿಸಿದರು. ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ದುಡಿದ ಈ ಕಾರ್ಯದಲ್ಲಿ 361 ಜಾತಿಯ ಹಕ್ಕಿಗಳು ದಾಖಲೆಯಾದುವು. ಅಪೂರ್ವವಾದ ಹಕ್ಕಿಯನ್ನು ಕಂಡೊಡನೆ ಬರೆದಿಡುವ ಉತ್ಸಾಹ ಎಲ್ಲರಿಗೂ ಸಹಜ. ಬರಿದಾದ ಚೌಕವನ್ನು ಬರಿದೆಂದೇ ಗುರುತಿಸಲು ತಾಳ್ಮೆ ಬೇಕು. ಎಂಬತ್ತು ವರ್ಷಗಳ ಮೇಲೆ ಹುಟ್ಟುವವರಿಗೆ ತಮ್ಮ ನಾಡು ಎಷ್ಟು ಮಾರ್ಪಟ್ಟಿತೆಂಬುದು ತಿಳಿಯುವುದು ಆ ಬರಿಯ ಚೌಕಗಳಿಂದಲೇ.