ವಿಳಾಸಾವಕಾಶದ ಹಂಚಿಕೆ: ಒಂದು ಐತಿಹಾಸಿಕ ವಿವೇಚನೆ

ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು. ಇಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳೊಡನೆ, 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಯಲ್ಲಿದೆ. ನೆಲವು ಕದಲಲಿಲ್ಲ; ವಿಳಾಸವಷ್ಟೇ ಬದಲಾಯಿತು. ಗಣಕಯಂತ್ರದ ಉಪಕರಣಗಳಿಗೂ ವಿಳಾಸವನ್ನು ಹೀಗೆ ಹೊರಗಿನವರೇ ಗೊತ್ತುಮಾಡುತ್ತಾರೆ.

1992ರಲ್ಲಿ ಇಂಟೆಲ್ ಸಂಸ್ಥೆಯು ಪ್ರಕಟಿಸಿದ ಪಿಸಿಐ ಪದ್ಧತಿಯಲ್ಲಿ ಪ್ರತಿಯೊಂದು ಉಪಕರಣವೂ ತನಗೆ ಬೇಕಾದ ವಿಳಾಸಾವಕಾಶದ ಅಳತೆಯನ್ನು ತಿಳಿಸುತ್ತದೆ. ಸ್ಥಳವನ್ನು ನಿಗದಿಮಾಡುವುದು ಮೊದಲಿಗೆ ಯಂತ್ರದ ಫರ್ಮ್‌ವೇರ್. 32 ಬಿಟ್ಟುಗಳ ವಿಳಾಸಕ್ಕೆ 4 ಗಿಗಾಬೈಟೇ ಎಲ್ಲೆ. ಅಂದಿಗೆ ಅದು ಧಾರಾಳವಾಗಿತ್ತು. ಮುಂದೆ 64 ಬಿಟ್ಟುಗಳ ವಿಳಾಸವು ಬಳಕೆಗೆ ಬಂದರೂ ಉಪಕರಣಗಳಿಗಾಗಿ ಮೀಸಲಿಡುವ ಪ್ರದೇಶವು ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ.

ಈ ಅಳತೆಯು ಎರಡರ ಘಾತವಾಗಿರಲೇಬೇಕು. ಆದುದರಿಂದ 80 ಗಿಗಾಬೈಟ್ ಸ್ಮೃತಿಯುಳ್ಳ ಎನ್‌ವಿಡಿಯಾ ಎ100 ಉಪಕರಣವು 128 ಗಿಗಾಬೈಟ್ ಅವಕಾಶವನ್ನು ಬೇಡುತ್ತದೆ. ಅದನ್ನು ವರ್ಚುಯಲ್ ಯಂತ್ರಕ್ಕೆ ಒಪ್ಪಿಸಿದಾಗ, ಅಲ್ಲಿನ ಫರ್ಮ್‌ವೇರ್ 32 ಗಿಗಾಬೈಟನ್ನಷ್ಟೇ ಮೀಸಲಿಟ್ಟಿದ್ದರೆ, ಲಿನಕ್ಸ್ ತನ್ನ ದಾಖಲೆಯಲ್ಲಿ ಸ್ಥಳವಿಲ್ಲವೆಂದು ಬರೆಯುತ್ತದೆ; ಉಪಕರಣವು ನಿಷ್ಕ್ರಿಯವಾಗಿ ಉಳಿಯುತ್ತದೆ.

ಇಂತಹ ಸಂದರ್ಭದಲ್ಲಿ ಬೆಲೆಬಾಳುವ ಉಪಕರಣವೇ ಕೆಟ್ಟಿತೆಂದು ತೀರ್ಮಾನಿಸುವುದು ಆತುರವೆಂದು ನಮ್ಮ ಅಭಿಪ್ರಾಯ. ಬೇಡಿಕೆಯ ಅಳತೆಯನ್ನೂ ಮೀಸಲು ಪ್ರದೇಶದ ಎಲ್ಲೆಯನ್ನೂ ಮೊದಲು ಹೋಲಿಸಿ ನೋಡಬೇಕು. ಎಲ್ಲೆಯನ್ನು ವಿಸ್ತರಿಸಿದೊಡನೆ ಅದೇ ಉಪಕರಣವು ಕಾರ್ಯಪ್ರವೃತ್ತವಾದರೆ, ದೋಷವಿದ್ದುದು ಹಂಚಿಕೆಯಲ್ಲಿಯೇ ಎಂಬುದು ಸಿದ್ಧವಾಗುತ್ತದೆ.