ಡೊಂಕು ಅಂಚಿನ ಬಾಗಿಲು (ಭಾಗ 3)
ದಿಮ್ಮಿಯನ್ನ ಉದ್ದಕ್ಕೆ ಸೀಳಿ, ತೊಗಟೆ ಕಡೆಯ ಡೊಂಕು ಅಂಚನ್ನ ಹಾಗೇ ಬಿಟ್ಟು, ಮೇಲಿನ ಕಬ್ಬಿಣದ ಪಟ್ಟಿಗೆ ನೇತುಹಾಕಿದ ಜಾರುಬಾಗಿಲು. ನಿಮ್ಮ ಫೀಡಲ್ಲೂ ಬರುತ್ತಲ್ಲ, 'ಲೈವ್ ಎಡ್ಜ್' ಅಂತ? ದುಡ್ಡಿದ್ದವರ ಶೋಕಿ ಅನ್ಸುತ್ತೆ. ಆದರೆ ಈ ಅಂಚಿಗೆ ಮರ್ಯಾದೆ ತಂದುಕೊಟ್ಟ ಜಾರ್ಜ್ ನಕಾಶಿಮ ಅವರ ಕೈ ಪಳಗಿದ್ದು ಮುಳ್ಳುತಂತಿಯ ಬೇಲಿಯೊಳಗೆ.

1905ರಲ್ಲಿ ಅಮೆರಿಕದಲ್ಲೇ ಹುಟ್ಟಿದವರು. ಓದಿದ್ದು ವಾಸ್ತುಶಿಲ್ಪ. ಟೋಕಿಯೊದಲ್ಲಿ ಆಂಟೊನಿನ್ ರೇಮಂಡ್ ಅವರ ಕಚೇರಿ ಸೇರಿ, ಅವರ ಪರವಾಗಿ 1937ರಲ್ಲಿ ಪುದುಚೇರಿಗೆ ಬಂದು ಅರವಿಂದಾಶ್ರಮದ 'ಗೋಲ್ಕೊಂಡ' ವಸತಿಗೃಹದ ಕೆಲಸ ನೋಡಿಕೊಂಡರು. ಅಲ್ಲೂ ಕೋಣೆಗಳಿಗೆ ತೇಗದ ಪಟ್ಟಿಗಳ ಜಾರುಬಾಗಿಲೇ! ಗಾಳಿ ಆಡಬೇಕು, ಒಳಗಿನವರು ಕಾಣಬಾರದು.

1942. ಜಪಾನ್ ಜೊತೆ ಯುದ್ಧ. ಜಪಾನಿ ಮೂಲದವರು ಅನ್ನೋ ಒಂದೇ ಕಾರಣಕ್ಕೆ ಹೆಂಡತಿ, ಹಸುಗೂಸಿನ ಸಮೇತ ಐಡಾಹೋದ ಮಿನಿಡೋಕಾ ಶಿಬಿರಕ್ಕೆ ತಳ್ಳಿದರು. ಅಲ್ಲಿ ಸಿಕ್ಕವರು ಗೆಂಟಾರೊ ಹಿಕೊಗಾವ, ಜಪಾನಿನಲ್ಲಿ ಕೆಲಸ ಕಲಿತಿದ್ದ ಬಡಗಿ. ಒಳ್ಳೇ ಹಲಗೆ ಎಲ್ಲಿಂದ ಬರಬೇಕು? ಕಟ್ಟಡ ಕಟ್ಟಿ ಮಿಕ್ಕ ತುಂಡುಗಳು, ಬಯಲಿನ ಗಂಟುಗಂಟು ಕುರುಚಲು ಗಿಡ. ಅದರಲ್ಲೇ ಜಪಾನಿ ಉಳಿ, ಗರಗಸದ ಕೆಲಸ ಕಲಿತರು.

1943ರಲ್ಲಿ ರೇಮಂಡ್ ಹೊಣೆ ಹೊತ್ತು ಬಿಡಿಸಿ, ಪೆನ್ಸಿಲ್ವೇನಿಯಾದ ನ್ಯೂ ಹೋಪ್‌ನ ತಮ್ಮ ತೋಟಕ್ಕೆ ಕರೆಸಿಕೊಂಡರು. ಆಮೇಲೆ ಸ್ವಂತ ಕೆಲಸ ಶುರು ಮಾಡಿದಾಗಲೂ ಕೈಯಲ್ಲಿ ಕಾಸಿಲ್ಲ. ಬೇರೆಯವರು ಬೇಡ ಅಂದ ಹಲಗೆಗಳನ್ನೇ ತಂದರು. ಬಿರುಕಿದ್ದರೆ ಮುಚ್ಚಲಿಲ್ಲ, ಅದಕ್ಕೆ ಅಡ್ಡಲಾಗಿ ಚಿಟ್ಟೆ ಆಕಾರದ ಬೆಣೆ ಕೂರಿಸಿ, ಬಿರುಕು ಕಾಣೋ ಹಾಗೇ ಬಿಗಿದರು. (ಈಗ ಬಿರುಕಿಗೆ ನೀಲಿ ರಾಳ ಸುರೀತಾರೆ, ನನಗಂತೂ ಹಿಡಿಸಲ್ಲ.)

ನೀವು ಅಂಥ ಬಾಗಿಲು ಮಾಡಿಸೋದಾದರೆ ಬಡಗಿಗೆ ಆ ಬೆಣೆ ಹಾಕೋಕೆ ಹೇಳಿ.